ಹಿರಿಯರ ಹಳೆಯ ಮನೆಯನ್ನು ಮಾರುವ ಮುನ್ನ



ತಂದೆ ತೀರಿಕೊಂಡು ವರ್ಷ ತುಂಬಿರುವುದಿಲ್ಲ. ಮಕ್ಕಳು ತೋಟದ ಮನೆಯಲ್ಲೋ ಪಟ್ಟಣದಲ್ಲೋ ನೆಲೆಸಿರುತ್ತಾರೆ. ಊರೊಳಗಿನ ಹೆಂಚಿನ ಮನೆಗೆ ಬೀಗ ಬಿದ್ದು, ಮಳೆಗೆ ಒಂದು ಗೋಡೆ ಕುಸಿದಿರುತ್ತದೆ. ಆಗ ಒಬ್ಬರು ಬಂದು, "ಪತ್ರಗಿತ್ರ ಆಮೇಲೆ ನೋಡೋಣ, ನಾಳೆಯೇ ನಗದು ಕೊಡುತ್ತೇನೆ" ಎನ್ನುತ್ತಾರೆ. ಸಾಲವಿರುವ ಮನೆಯಲ್ಲಿ, ಇನ್ನೆರಡು ಹಸು ಕಟ್ಟಬೇಕೆಂದಿರುವ ಮನೆಯಲ್ಲಿ, ಈ ಮಾತು ಬಹಳ ಹಿತವಾಗಿ ಕೇಳಿಸುತ್ತದೆ. ಒಪ್ಪುವ ಮೊದಲು ತಾವು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲನೆಯದಾಗಿ, ಮನೆ ಯಾರದು? ಪಂಚಾಯ್ತಿ ಪುಸ್ತಕದಲ್ಲಿ ಹಿರಿಯ ಮಗನ ಹೆಸರಿಗೆ ಖಾತೆಯಾಗಿದೆ, ಆದ್ದರಿಂದ ಮಾರುವ ಹಕ್ಕು ಅವನಿಗೇ ಎಂದು ಬಹುಮಂದಿ ತಿಳಿದಿದ್ದಾರೆ. ಇದು ತಪ್ಪು. ಖಾತೆ ಎಂಬುದು ಕಂದಾಯ ಕಟ್ಟುವವರು ಯಾರು ಎಂದು ಹೇಳುತ್ತದೆಯೇ ಹೊರತು ಉಳಿದ ವಾರಸುದಾರರ ಹಕ್ಕನ್ನು ಅಳಿಸುವುದಿಲ್ಲ.

ಹಿಂದೂ ಕುಟುಂಬದ ಒಂದು ಉದಾಹರಣೆ ನೋಡೋಣ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ, ಮರಣಶಾಸನ ಬರೆದಿಲ್ಲ. ಅವರ ಪತ್ನಿ, ವಯಸ್ಸಾದ ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ ಎಂದಿಟ್ಟುಕೊಳ್ಳಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಈ ಆರು ಮಂದಿಗೂ ಸಮಪಾಲು, ತಲಾ ಆರರಲ್ಲಿ ಒಂದು ಭಾಗ. ಮೂಲೆಯಲ್ಲಿ ಕುಳಿತ ಅಜ್ಜಿಯನ್ನು ಎಲ್ಲರೂ ಮರೆಯುತ್ತಾರೆ, ಕಾನೂನು ಮರೆತಿಲ್ಲ. ತಂದೆಗಿಂತ ಮೊದಲೇ ಒಬ್ಬ ಮಗಳು ತೀರಿಹೋಗಿದ್ದರೆ ಅವಳ ಭಾಗ ಅವಳ ಮಕ್ಕಳಿಗೆ ಸೇರುತ್ತದೆ.

ಮನೆ ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳ ಹಕ್ಕು ಇನ್ನೂ ಗಟ್ಟಿ. ನಮ್ಮ ರಾಜ್ಯದಲ್ಲಿ 1994ರಲ್ಲೇ ತಿದ್ದುಪಡಿ ಜಾರಿಗೆ ಬಂದಿತ್ತಾದರೂ ಅದು ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ವರ್ಷ ತಂದೆ ಬದುಕಿರಬೇಕೆಂಬ ನಿಯಮವೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕ ಆದ ವಿಭಾಗವನ್ನು ಈ ತಿದ್ದುಪಡಿ ಕದಲಿಸುವುದಿಲ್ಲ. "ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ವರ್ಷವರ್ಷ ಅರಿಶಿನ ಕುಂಕುಮಕ್ಕೆ ಸೀರೆ ಕೊಡುತ್ತಿದ್ದೇವೆ" ಎಂಬ ಮಾತಿನಿಂದ ಪಾಲು ತೀರುವುದಿಲ್ಲ. ತಂಗಿಗೆ ನಿಜವಾಗಿಯೂ ಪಾಲು ಬೇಡವಾಗಿದ್ದರೆ ಅವಳೇ ಒಪ್ಪಿ ಹಕ್ಕು ಬಿಡುಗಡೆ ಪತ್ರವನ್ನು ಬರೆದುಕೊಟ್ಟು ನೋಂದಾಯಿಸಬೇಕು. ಪಾಲು ಬೇಕೆಂದರೆ ಕ್ರಯಪತ್ರದಲ್ಲಿ ಮಾರುವವರ ಸಾಲಿನಲ್ಲೇ ಅವಳ ಹೆಸರೂ ಸಹಿಯೂ ಇರಲಿ. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಸಿ ಕೆಲಸ ಮುಗಿಯಿತೆಂದುಕೊಂಡ ಮನೆಗಳಲ್ಲೇ ದಾವೆಗಳು ಹುಟ್ಟುವುದು. ಮುಸ್ಲಿಂ ಮತ್ತು ಕ್ರೈಸ್ತ ಸದಸ್ಯರ ಉತ್ತರಾಧಿಕಾರದ ನಿಯಮಗಳು ಬೇರೆ; ಅವರು ಅದನ್ನು ತಿಳಿದ ವಕೀಲರನ್ನು ಕೇಳತಕ್ಕದ್ದು.

ಮರಣಶಾಸನ ಇದ್ದರೆ? ಅದಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು, ನೋಂದಣಿ ಕಡ್ಡಾಯವಲ್ಲ. ಪ್ರೊಬೇಟ್ ಎಂದರೆ ಮರಣಶಾಸನವು ನಿಜವೆಂದು ನ್ಯಾಯಾಲಯ ಕೊಡುವ ದೃಢೀಕರಣ. ನಮ್ಮ ಹಳ್ಳಿಗಳ ಹಿಂದೂ ಕುಟುಂಬಗಳಿಗೆ ಅದು ಕಡ್ಡಾಯವಿಲ್ಲ. ಆದರೆ ಒಬ್ಬ ವಾರಸುದಾರ ಮರಣಶಾಸನವನ್ನೇ ಅಲ್ಲಗಳೆದರೆ ನ್ಯಾಯಾಲಯದ ತೀರ್ಮಾನವಿಲ್ಲದೆ ಒಳ್ಳೆಯ ಗಿರಾಕಿ ಹತ್ತಿರ ಸುಳಿಯುವುದಿಲ್ಲ. ವಾರಸುದಾರರಲ್ಲಿ ಹದಿನೆಂಟು ತುಂಬದ ಮಕ್ಕಳಿದ್ದು, ಅವರಿಗೆ ಪ್ರತ್ಯೇಕ ಭಾಗ ಬಂದಿದ್ದರೆ, ಅದನ್ನು ಮಾರಲು ಪೋಷಕರು ಮುಂಚೆಯೇ ನ್ಯಾಯಾಲಯದ ಅನುಮತಿ ಪಡೆಯಬೇಕು. ಇಲ್ಲವಾದಲ್ಲಿ ಆ ಮಗು ದೊಡ್ಡವನಾದ ಮೂರು ವರ್ಷದೊಳಗೆ ಕ್ರಯವನ್ನು ರದ್ದುಪಡಿಸಲು ದಾವೆ ಹೂಡಬಹುದು.

ಇನ್ನು ಬೆಲೆಯ ವಿಚಾರ. ನಗದು ಹಿಡಿದು ಬರುವವರು ಕಡಿಮೆ ಬೆಲೆ ಹೇಳುವುದು ಕುಸಿದ ಗೋಡೆಯನ್ನು ನೋಡಿ ಅಲ್ಲ. ಅವರಿಗೆ ಬೇಕಾಗಿರುವುದು ನಿವೇಶನ. ಗೋಡೆಯನ್ನು ಹೇಗೂ ಕೆಡವುತ್ತಾರೆ. ಅವರು ಬೆಲೆ ಇಳಿಸುವುದು ಕಾಗದಪತ್ರದ ಕೊರತೆಗೆ. ಎಲ್ಲ ಸರಿಯಿದ್ದರೆ ಆರು ಲಕ್ಷ ಬಾಳುವ ಜಾಗವನ್ನು ಈಗಿದ್ದ ಹಾಗೆ ನಾಲ್ಕು ಲಕ್ಷಕ್ಕೆ ಕೇಳಿದರು ಎಂದಿಟ್ಟುಕೊಳ್ಳಿ. ಆ ಎರಡು ಲಕ್ಷ, ತಾವು ಕೆಲವು ತಿಂಗಳು ಕಚೇರಿಗಳಿಗೆ ಓಡಾಡಿದ್ದರೆ ತಮ್ಮಲ್ಲೇ ಉಳಿಯುತ್ತಿದ್ದ ಹಣ. ಹಳೆಯ ಮನೆಯ ಹಲಸಿನ ಕಂಬ, ತೇಗದ ತೊಲೆ, ಬಾಗಿಲುವಾಡಗಳಿಗೂ ಬೆಲೆಯಿದೆ. ಮರದ ವ್ಯಾಪಾರಿಯಿಂದ ಪ್ರತ್ಯೇಕ ಬೆಲೆ ಕಟ್ಟಿಸಿ ನೋಡಿ. ಮನೆಯೊಂದಿಗೆ ಹಿತ್ತಲು, ಕೊಟ್ಟಿಗೆ, ತಿಪ್ಪೆಗುಂಡಿ, ಬಣವೆ ಜಾಗ ಸೇರುತ್ತದೆಯೋ ಇಲ್ಲವೋ ಎಂಬುದು ಅಳತೆಯ ಸಹಿತ ಚೆಕ್ಕುಬಂದಿಯಲ್ಲಿ ಬರಬೇಕು. ಕೊಟ್ಟಿಗೆಯನ್ನು ಉಳಿಸಿಕೊಂಡು, ಅಲ್ಲಿಗೆ ದನ ಹೊಡೆದುಕೊಂಡು ಹೋಗುವ ದಾರಿಯನ್ನು ಮಾರಿಬಿಟ್ಟರೆ ಮುಂದಿನ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ.

ಓಡಾಟ ಇಷ್ಟೇ. ಮರಣವನ್ನು 21 ದಿನದೊಳಗೆ ನೋಂದಾಯಿಸಿ ಪ್ರಮಾಣಪತ್ರ ಪಡೆಯಿರಿ. ತಡವಾದಷ್ಟೂ ತೊಡಕು ಹೆಚ್ಚು. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಸಿದರೆ ಅದೇ ಮುಂದೆ ತಮ್ಮ ವಿರುದ್ಧದ ಸಾಕ್ಷಿಯಾದೀತು. ಆಮೇಲೆ ಪಂಚಾಯ್ತಿಯಲ್ಲಿ ಕಂದಾಯದ ಬಾಕಿ ತೀರಿಸಿ, ವಾರಸುದಾರರ ಹೆಸರಿಗೆ ಖಾತೆ ಮಾಡಿಸಿ, ಇ-ಸ್ವತ್ತು ಮೂಲಕ ನಮೂನೆ 9 ಮತ್ತು 11ನ್ನು ಪಡೆಯಬೇಕು. ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿದರೆ, ತಂದೆಯವರು ಮನೆಯ ಮೇಲೆ ಅಡಮಾನ ಪತ್ರ ನೋಂದಾಯಿಸಿದ್ದರೆ ಅದು ಗೊತ್ತಾಗುತ್ತದೆ.

ನಗದಿನ ಬಗ್ಗೆ ಒಂದು ಎಚ್ಚರಿಕೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕೆ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು 2015ರಿಂದ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಹಣ ಪಡೆದವರಿಗೆ, ಅಂದರೆ ಮಾರುವವರಿಗೆ. ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ಕೈಗೆ ಕೊಡುವ ಪದ್ಧತಿಯಲ್ಲಿ ಮನೆಯೊಳಗೇ ಮೋಸಕ್ಕೆ ದಾರಿಯಿದೆ: ಪತ್ರದ ಲೆಕ್ಕದಲ್ಲಿ ತಾಯಿಗೂ ತಂಗಿಯರಿಗೂ ಪಾಲು ಸಿಕ್ಕಿ, ಕೈಗೆ ಬಂದದ್ದು ಒಬ್ಬನ ಬಳಿಯೇ ಉಳಿಯುತ್ತದೆ. ಹಣ ಪ್ರತಿಯೊಬ್ಬರ ಬ್ಯಾಂಕ್ ಖಾತೆಗೆ ನೇರವಾಗಿ ಬರಲಿ. ಬರೀ ಛಾಪಾ ಕಾಗದದ ಕರಾರಿನ ಮೇಲೆ ಬೀಗದ ಕೈ ಕೊಡಬೇಡಿ. ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಟ್ಟ ಮಾತ್ರಕ್ಕೆ ಮಾರಾಟ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ; ಆದರೆ ಅದನ್ನು ಹಿಡಿದವರು ತಮ್ಮ ಹೆಸರಿನಲ್ಲಿ ಏನೇನು ಮಾಡಿಯಾರು ಎಂಬುದನ್ನು ತಾವೇ ಯೋಚಿಸಿ.

ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ಮನೆಯನ್ನು ಉಳಿಸಿಕೊಳ್ಳುವ ಮನಸ್ಸಿದ್ದರೆ ಅದಕ್ಕೂ ಅವಕಾಶವಿದೆ. ತಂದೆಯಿಂದ ಉತ್ತರಾಧಿಕಾರವಾಗಿ ಬಂದ ಭಾಗವನ್ನು ಒಬ್ಬ ವಾರಸುದಾರ ಹೊರಗಿನವರಿಗೆ ಮಾರಹೊರಟಾಗ, ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರಿಗಿದೆ. ಬೆಲೆ ಹೊಂದದಿದ್ದರೆ ನ್ಯಾಯಾಲಯ ಗೊತ್ತುಪಡಿಸುತ್ತದೆ. ಈ ಸಂಗತಿಯನ್ನು ಮನೆಯವರೆಲ್ಲ ಕೂತು ಮಾತನಾಡುವ ಮೊದಲ ದಿನವೇ ಎತ್ತುವುದು ಒಳ್ಳೆಯದು, ಗಿರಾಕಿಯಿಂದ ಮುಂಗಡ ಹಿಡಿದ ಮೇಲೆ ಅಲ್ಲ.

ನೋಂದಣಿಯಾದ ದಿನವೇ ವಿದ್ಯುತ್ ಮೀಟರಿನ ಬಾಕಿ ತೀರಿಸಿ, ಆರ್.ಆರ್. ಸಂಖ್ಯೆಯನ್ನು ಕೊಂಡವರ ಹೆಸರಿಗೆ ಬದಲಾಯಿಸಲು ಅರ್ಜಿಗೆ ಸಹಿ ಹಾಕಿಕೊಡಿ. ಕ್ರಯಪತ್ರದ ನಕಲನ್ನು ತಂಗಿಯರಿಗೂ ಒಂದೊಂದು ಕಳುಹಿಸಿ.