ಕೆರೆಯೂ ತೂಬೂ

ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಸಮೀಪದಲ್ಲಿ, ಶಕುನಗಿರಿಯ ತಪ್ಪಲಿನಲ್ಲಿ, ಅಯ್ಯನಕೆರೆ ಎಂಬ ವಿಶಾಲವಾದ ಕೆರೆಯುಂಟು. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುವ ಗೌರಿಹಳ್ಳವು ಈ ಕೆರೆಯನ್ನು ತುಂಬುತ್ತದೆ. ಇಲ್ಲಿಂದ ಹೊರಟ ನೀರು ವೇದಾ ನದಿಯಾಗಿ ಹರಿದು, ಮುಂದೆ ಅವತಿಯನ್ನು ಕೂಡಿಕೊಂಡು ವೇದಾವತಿ ಎನಿಸುತ್ತದೆ. ಈ ಕೆರೆಯನ್ನು ರುಕ್ಮಾಂಗದರಾಯನೆಂಬ ಅರಸನು ಕಟ್ಟಿಸಿದನೆಂದು ಸ್ಥಳದ ಜನರು ಹೇಳುತ್ತಾರೆ. ಕಟ್ಟಿಸಿದವನ ಚರಿತ್ರೆಯು ಕತೆಯಲ್ಲಿ ಕರಗಿಹೋಗಿದೆ. ತೂಬಿನಿಂದ ಹರಿಯುವ ನೀರು ಮಾತ್ರ ಇಂದಿಗೂ ಗದ್ದೆ ತೋಟಗಳನ್ನು ಮುಟ್ಟುತ್ತಿದೆ.

ಕೆರೆಗೆ ಏರಿ ಎಷ್ಟು ಮುಖ್ಯವೋ ತೂಬೂ ಅಷ್ಟೇ ಮುಖ್ಯ. ಏರಿಯಿಲ್ಲದಿದ್ದರೆ ನೀರು ನಿಲ್ಲದು. ತೂಬಿಲ್ಲದಿದ್ದರೆ ನಿಂತ ನೀರು ಬೆಳೆಗೆ ಒದಗದು. ತೂಬನ್ನು ತೆರೆಯುವ ನೀರುಗಂಟಿಗೆ ಯಾವ ಗದ್ದೆಗೆ ಎಷ್ಟು ನೀರು ಬೇಕೆಂಬ ವಿವೇಕವಿರಬೇಕು. ಹಣದ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ.

ಬ್ಯಾಂಕು ಹಣದ ಕೆರೆ. ಕೂಲಿಗಾರನ ಉಳಿತಾಯ, ರೈತನ ಸುಗ್ಗಿಯ ದುಡ್ಡು, ವ್ಯಾಪಾರಿಯ ಗಳಿಕೆ ಇವೆಲ್ಲವೂ ಸಣ್ಣ ದೊಡ್ಡ ಹಳ್ಳಗಳಂತೆ ಹರಿದು ಬಂದು ಅಲ್ಲಿ ಸೇರುತ್ತವೆ. ಸಾಲವೆಂಬ ತೂಬಿನ ಮೂಲಕ ಆ ಹಣವು ಬೇಸಾಯಕ್ಕೂ ಉದ್ಯಮಕ್ಕೂ ಹರಿಯುತ್ತದೆ. ಆದರೆ ಅನಾಥಾಲಯ, ಅಂಧಮಕ್ಕಳ ಶಾಲೆ, ವೃದ್ಧಾಶ್ರಮ, ಊರಿನ ಗ್ರಂಥಾಲಯ ಮೊದಲಾದವು ಲಾಭಕ್ಕಾಗಿ ನಡೆಯುವ ಸಂಸ್ಥೆಗಳಲ್ಲ. ಸಾಲ ಪಡೆದು ಬಡ್ಡಿ ಕಟ್ಟುವ ಶಕ್ತಿ ಅವುಗಳಿಗಿಲ್ಲ. ಅಂಥವುಗಳಿಗಾಗಿ ಮತ್ತೊಂದು ತೂಬು ಬೇಕು. ಬ್ಯಾಂಕುಗಳು ಸಮಾಜಸೇವೆಗೆಂದು ಸ್ಥಾಪಿಸುವ ಧರ್ಮನಿಧಿಗಳೂ ಪ್ರತಿಷ್ಠಾನಗಳೂ ಆ ಎರಡನೆಯ ತೂಬಿನ ಕೆಲಸವನ್ನು ಮಾಡುತ್ತವೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಬ್ಯಾಂಕಿನಲ್ಲಿರುವ ಠೇವಣಿಯು ಬ್ಯಾಂಕಿನ ಸ್ವಂತ ಹಣವಲ್ಲ. ಅದು ಜನರು ನಂಬಿ ಇಟ್ಟದ್ದು. ಅದನ್ನು ಯಾರಿಗೂ ದಾನ ಕೊಡುವ ಅಧಿಕಾರವು ಬ್ಯಾಂಕಿಗಿಲ್ಲ. ನ್ಯಾಯವಾಗಿ ಗಳಿಸಿದ ಲಾಭದಲ್ಲಿ ಒಂದು ಭಾಗವನ್ನು ಮಾತ್ರ ಅದು ಲೋಕಹಿತಕ್ಕೆ ತೆಗೆದಿಡಬಹುದು. ಬೇರೆಯದೇ ಆದ ನಿಧಿ, ಅದಕ್ಕೆ ಬೇರೆಯ ವಿಶ್ವಸ್ತರು, ಬೇರೆಯ ಲೆಕ್ಕಪತ್ರ ಎಂಬ ಏರ್ಪಾಡು ಇದ್ದಾಗ ದಾನದ ಹಣವೂ ವ್ಯವಹಾರದ ಹಣವೂ ಬೆರೆತುಹೋಗುವ ಭಯವಿರುವುದಿಲ್ಲ.

ಹಣವನ್ನೂ ಸೇವೆಯನ್ನೂ ಹೀಗೆ ಜೊತೆಗೂಡಿಸಿದ ನಿದರ್ಶನವನ್ನು ಕಾಣಬೇಕಾದರೆ ಘಟ್ಟವನ್ನು ಇಳಿದು ಕರಾವಳಿಗೆ ಹೋಗಬೇಕು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿ ಹಲವು ಬ್ಯಾಂಕುಗಳು ಹುಟ್ಟಿದವು. ಮಂಗಳೂರಿನ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಅನ್ನು ಆರಂಭಿಸಿದರು. ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಬ್ಯಾಂಕಿಗೆ ಮೊದಲೇ, 1891ರಲ್ಲಿ, ಅವರು ಕೆನರಾ ಹೈಸ್ಕೂಲನ್ನು ಸ್ಥಾಪಿಸಿದ್ದರು ಎಂಬುದು ಗಮನಾರ್ಹ. ಶಾಲೆ ಕಟ್ಟಿದ ಕೈಯೇ ಬ್ಯಾಂಕನ್ನೂ ಕಟ್ಟಿತು. ಹಣದ ಸಂಸ್ಥೆಯು ಸಮಾಜಕ್ಕೆ ಹೃದಯದಂತಿರಬೇಕೆಂಬುದು ಅವರ ಆಶಯವಾಗಿತ್ತು. 1906ರಲ್ಲಿಯೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಮತ್ತೊಂದು ಬ್ಯಾಂಕು ಹುಟ್ಟಿತು. ಮೊದಲ ದಿನ ಅದರಲ್ಲಿ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ ಮಾತ್ರ! ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಪ್ರಸಿದ್ಧವಾಯಿತು.

1925ರಲ್ಲಿ ಉಡುಪಿಯಲ್ಲಿಯೇ ಮೂರನೆಯದೊಂದು ಪ್ರಯತ್ನ ನಡೆಯಿತು. ವೈದ್ಯರಾದ ಡಾ. ಟಿ. ಎಂ. ಎ. ಪೈ, ಅವರ ಅಣ್ಣ ಉಪೇಂದ್ರ ಅನಂತ ಪೈ ಮತ್ತು ಇಂಜಿನಿಯರರಾದ ವಾಮನ ಕುಡ್ವ ಇವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಒಂದು ಬ್ಯಾಂಕನ್ನು ಆರಂಭಿಸಿದರು. ಆಗ ಕರಾವಳಿಯ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ಅವರಿಗೆ ನೆರವಾಗುವುದೇ ಈ ಬ್ಯಾಂಕಿನ ಮೊದಲ ಉದ್ದೇಶವಾಗಿತ್ತು. 1928ರಲ್ಲಿ ‘ಪಿಗ್ಮಿ’ ಎಂಬ ಯೋಜನೆಯು ಬಳಕೆಗೆ ಬಂದಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಗೌರವದಿಂದ ಪಡೆದುಕೊಳ್ಳುತ್ತಿದ್ದನು. ಹನಿಗೂಡಿದರೆ ಹಳ್ಳ ಎಂಬ ಗಾದೆಯು ಇಲ್ಲಿ ಪ್ರತ್ಯಕ್ಷವಾಯಿತು. ಈ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ತಳೆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ ಬ್ಯಾಂಕೂ ಸಿಂಡಿಕೇಟ್ ಬ್ಯಾಂಕೂ ಸೇರಿದ್ದವು.

ಹಳ್ಳಿಗಳಿಂದ ಬಂದ ಹಣವು ಹಳ್ಳಿಗಳಿಗೆ ಮರಳಬೇಕೆಂಬ ತತ್ತ್ವಕ್ಕೆ 1982ರಲ್ಲಿ ಒಂದು ಹೊಸ ರೂಪ ದೊರೆಯಿತು. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು ಈ ಎರಡು ಬ್ಯಾಂಕುಗಳೊಡನೆ ಕೈಜೋಡಿಸಿ, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿತು. ಜನರು ಇದನ್ನು ‘ರುಡ್‌ಸೆಟಿ’ ಎಂದು ಕರೆಯುತ್ತಾರೆ. ನಿರುದ್ಯೋಗಿಗಳಾದ ಯುವಕ ಯುವತಿಯರಿಗೆ ಇಲ್ಲಿ ಉಚಿತವಾಗಿ ಊಟ ವಸತಿಗಳೊಡನೆ ಅಲ್ಪಾವಧಿಯ ತರಬೇತಿ ದೊರೆಯುತ್ತದೆ. ಹೊಲಿಗೆ, ಹೈನುಗಾರಿಕೆ, ಯಂತ್ರಗಳ ದುರಸ್ತಿ ಮುಂತಾದ ಕಸುಬುಗಳೊಡನೆ ಲೆಕ್ಕ ಬರೆಯುವ ಕ್ರಮವನ್ನೂ, ಗಿರಾಕಿಗಳೊಡನೆ ವ್ಯವಹರಿಸುವ ರೀತಿಯನ್ನೂ ಕಲಿಸುತ್ತಾರೆ.

ತರಬೇತಿ ಮುಗಿದವರಿಗೆ ಇಲ್ಲಿ ಹಣವನ್ನು ಹಂಚುವುದಿಲ್ಲ. ಕಲಿತವರು ಬ್ಯಾಂಕಿನಿಂದ ಸಾಲ ಪಡೆದು ಸ್ವಂತ ಉದ್ಯೋಗವನ್ನು ಆರಂಭಿಸಲು ಮಾರ್ಗದರ್ಶನವನ್ನು ನೀಡುತ್ತಾರೆ. ಅನಂತರವೂ ಸುಮಾರು ಎರಡು ವರ್ಷಗಳ ಕಾಲ ಅವರ ಕಷ್ಟಸುಖಗಳನ್ನು ವಿಚಾರಿಸುತ್ತಾರೆ. ಹೀಗೆ ಎರಡನೆಯ ತೂಬಿನಿಂದ ನೆನೆದ ನೆಲವು ಮೊದಲನೆಯ ತೂಬಿನ ನೀರಿಗೂ ಅರ್ಹವಾಗುತ್ತದೆ. ಕೈಚಾಚಿ ನಿಲ್ಲಬೇಕಾಗಿದ್ದವನು ಸಾಲ ತೀರಿಸುವ ಗೃಹಸ್ಥನಾಗುತ್ತಾನೆ. ದಾನಕ್ಕೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆ ಯಾವುದು?

ಈ ಸಹಕಾರದ ಗುಟ್ಟನ್ನು ತಿಳಿಯುವುದು ಕಷ್ಟವೇನಲ್ಲ. ಬ್ಯಾಂಕಿಗೆ ಹಣವಿದೆ, ಲೆಕ್ಕದ ಶಿಸ್ತಿದೆ. ಆದರೆ ಯಾವ ಮನೆಯಲ್ಲಿ ಯಾರಿಗೆ ಏನು ಕೊರತೆಯೆಂಬುದು ಅದಕ್ಕೆ ತಿಳಿಯದು. ಊರಿನ ಸೇವಾಸಂಸ್ಥೆಗೆ ಜನರ ಪರಿಚಯವಿದೆ, ವಿಶ್ವಾಸವಿದೆ. ಆದರೆ ಕೈಯಲ್ಲಿ ಹಣವಿಲ್ಲ. ಆದಕಾರಣ ನೆರವು ನೀಡುವ ನಿಧಿಯು ಮೊದಲು ಸಂಸ್ಥೆಯ ನೋಂದಣಿಯನ್ನೂ ಲೆಕ್ಕಪರಿಶೋಧನೆಯ ವರದಿಯನ್ನೂ ಪರಿಶೀಲಿಸುತ್ತದೆ. ಸ್ಥಳಕ್ಕೆ ಹೋಗಿ ಕೆಲಸವನ್ನು ಕಣ್ಣಾರೆ ನೋಡುತ್ತದೆ. ಹಣವನ್ನು ಕಂತುಗಳಲ್ಲಿ ಕೊಟ್ಟು, ಖರ್ಚಿನ ವಿವರವನ್ನು ಕೇಳುತ್ತದೆ. ಇದನ್ನು ಅವಿಶ್ವಾಸವೆಂದು ಭಾವಿಸಬಾರದು. ನೀರುಗಂಟಿಯು ಕಾಲುವೆಯುದ್ದಕ್ಕೂ ನಡೆದು ನೋಡುವುದು ರೈತನನ್ನು ಶಂಕಿಸಿ ಅಲ್ಲ. ನೀರು ಕೊನೆಯ ಗದ್ದೆಯನ್ನು ಮುಟ್ಟಲೆಂದು.

ದಾನದ ದಾರಿಯಲ್ಲಿ ಎಡವುವ ಕಲ್ಲುಗಳೂ ಇಲ್ಲದಿಲ್ಲ. ಹೊಲಿಗೆಯನ್ನು ಕಲಿಸದೆ ಹೊಲಿಗೆಯಂತ್ರವನ್ನು ಹಂಚಿದರೆ ಅದು ಮನೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ಕೊಟ್ಟವರ ಹೆಸರಿನ ಫಲಕವು ಗೋಡೆಯ ಮೇಲೆ ಹೊಳೆಯುತ್ತಿದ್ದು, ಒಳಗೆ ಪಾಠ ಹೇಳುವ ಉಪಾಧ್ಯಾಯರಿಲ್ಲದಿದ್ದರೆ ಆ ಕಟ್ಟಡದಿಂದ ಫಲವೇನು? ಪಡೆಯುವವರಲ್ಲಿಯೂ ದೋಷವುಂಟಾಗಬಹುದು. ಒಂದೇ ದಾನಿಯನ್ನು ನೆಚ್ಚಿಕೊಂಡ ಸಂಸ್ಥೆಯು ಆ ನೆರವು ನಿಂತ ದಿನವೇ ಬಾಗಿಲು ಮುಚ್ಚುತ್ತದೆ. ಊರಿನವರು ತಮ್ಮ ಪಾಲಿನ ಹಣವನ್ನೋ ಧಾನ್ಯವನ್ನೋ ಶ್ರಮವನ್ನೋ ಸೇರಿಸಿದಾಗ ಮಾತ್ರ ಅದು ‘ನಮ್ಮದು’ ಎನಿಸಿ ಬಾಳುತ್ತದೆ. ದಿನದ ಅಡುಗೆಯ ಅಕ್ಕಿಯಲ್ಲಿ ಒಂದು ಹಿಡಿಯನ್ನು ಧರ್ಮಕ್ಕೆಂದು ತೆಗೆದಿಡುತ್ತಿದ್ದ ನಮ್ಮ ಹಿರಿಯರ ‘ಮುಷ್ಟಿ ಅಕ್ಕಿ’ಯ ಪದ್ಧತಿಯಲ್ಲಿ ಈ ವಿವೇಕವೇ ಅಡಗಿತ್ತು.

ಇಂದು ಈ ಧರ್ಮಕ್ಕೆ ಕಾನೂನಿನ ಬೆಂಬಲವೂ ಇದೆ. 2013ರ ಕಂಪನಿ ಅಧಿನಿಯಮದಂತೆ, ನಿಗದಿಯಾದ ಮಟ್ಟವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನಾದರೂ ಸಮಾಜದ ಕೆಲಸಕ್ಕೆ ವಿನಿಯೋಗಿಸಬೇಕು. ಉಜಿರೆಯ ಮಾದರಿಯನ್ನು ಮೆಚ್ಚಿದ ಕೇಂದ್ರ ಸರ್ಕಾರವು, ಅಂಥ ತರಬೇತಿ ಸಂಸ್ಥೆಗಳನ್ನು ದೇಶದ ಎಲ್ಲ ಜಿಲ್ಲೆಗಳಲ್ಲಿಯೂ ಬ್ಯಾಂಕುಗಳ ಮೂಲಕ ಸ್ಥಾಪಿಸುವ ಯೋಜನೆಯನ್ನು 2009ರಲ್ಲಿ ಕೈಗೊಂಡಿತು. ಆದರೆ ಕಾನೂನು ಹಣವನ್ನು ಕೊಡಿಸಬಲ್ಲುದು. ಕೊಡುವ ಮನಸ್ಸನ್ನೂ ಪಡೆದದ್ದನ್ನು ಬೆಳೆಸುವ ಶ್ರದ್ಧೆಯನ್ನೂ ಕೊಡಲಾರದು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಎರಡಾಣೆಯನ್ನು ಬೇಡಿ ಬಾಗಿಲಿಗೆ ಬಂದ ಬ್ಯಾಂಕಿನ ಹೆಸರು ಈಗ ಫಲಕಗಳ ಮೇಲಿಲ್ಲ. ಆದರೂ ಉಜಿರೆಯಲ್ಲಿ ತರಬೇತಿ ನಿಂತಿಲ್ಲ. ಅಲ್ಲಿ ಕಲಿತವರ ಅಂಗಡಿಗಳ ಬಾಗಿಲು ಬೆಳಗಾದರೆ ತೆರೆಯುತ್ತದೆ. ಕೆರೆಯನ್ನು ಕಟ್ಟಿಸಿದವನ ಹೆಸರು ಮರೆಯಾಗಬಹುದು. ತೂಬು ತೆರೆದಿದ್ದರೆ, ಕಾಲುವೆಯನ್ನು ಊರವರು ಹಸನಾಗಿಟ್ಟುಕೊಂಡಿದ್ದರೆ, ನೀರು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ.

ಅಭ್ಯಾಸ

1. ಬ್ಯಾಂಕನ್ನು ಕೆರೆಗೆ ಹೋಲಿಸಿರುವುದರ ಔಚಿತ್ಯವನ್ನು ವಿವರಿಸಿ.
2. ಠೇವಣಿಯ ಹಣವನ್ನು ದಾನ ಕೊಡಲು ಬ್ಯಾಂಕಿಗೆ ಏಕೆ ಅಧಿಕಾರವಿಲ್ಲ?
3. ಉಜಿರೆಯ ಸಂಸ್ಥೆಯ ನೆರವು ಹಣ ಹಂಚುವುದಕ್ಕಿಂತ ಹೇಗೆ ಭಿನ್ನವಾಗಿದೆ?
4. ನಿಮ್ಮ ಊರಿನಲ್ಲಿ ಜನರ ನೆರವಿನಿಂದ ನಡೆಯುತ್ತಿರುವ ಒಂದು ಸಂಸ್ಥೆಯನ್ನು ಸಂದರ್ಶಿಸಿ, ಅದಕ್ಕೆ ಹಣ ಬರುವ ಬಗೆಯನ್ನೂ ವೆಚ್ಚವಾಗುವ ಬಗೆಯನ್ನೂ ಕುರಿತು ಒಂದು ಪುಟದ ಪ್ರಬಂಧವನ್ನು ಬರೆಯಿರಿ.