ಅಂಜಿಕೆಯ ಅಳತೆ

ಭಯವಿಲ್ಲದ ಜೀವಿಯಿಲ್ಲ. ಹಾವನ್ನು ಕಂಡೊಡನೆ ಹಿಂದೆ ಸರಿಯುವ ಕಾಲು, ಕತ್ತಲಲ್ಲಿ ಸದ್ದಾದೊಡನೆ ನಿಮಿರುವ ಕಿವಿ ಮನುಷ್ಯನ ಪ್ರಾಣವನ್ನು ಸಹಸ್ರಾರು ವರ್ಷಗಳಿಂದ ಕಾಯ್ದುಕೊಂಡು ಬಂದಿವೆ. ಕನ್ನಡದಲ್ಲಿ ಇದಕ್ಕಿರುವ ಹೆಸರುಗಳೇ ಅನೇಕ: ಅಂಜಿಕೆ, ಅಳುಕು, ದಿಗಿಲು, ಗಾಬರಿ, ಕಳವಳ, ತಲ್ಲಣ. ಇವೆಲ್ಲವೂ ಒಂದೇ ಅಲ್ಲ. ಎದುರಿಗೆ ನುಗ್ಗಿ ಬರುವ ಗೂಳಿಯನ್ನು ಕಂಡು ಹುಟ್ಟುವುದು ದಿಗಿಲು. ನಾಳೆ ಏನಾಗುವುದೋ ಎಂದು ರಾತ್ರಿಯೆಲ್ಲ ನಿದ್ದೆಗೆಡಿಸುವುದು ಕಳವಳ. ಗೂಳಿ ದೂರವಾದೊಡನೆ ದಿಗಿಲು ಇಳಿಯುತ್ತದೆ. ಕಳವಳಕ್ಕೆ ಗೂಳಿಯೇ ಬೇಕಿಲ್ಲ. ಅದು ಬಹುಕಾಲ ನಿಂತು, ಮಗುವಿನ ಊಟ, ನಿದ್ರೆ, ಆಟ, ಪಾಠಗಳನ್ನು ಕೆಡಿಸತೊಡಗಿದಾಗ ವೈದ್ಯರು ಅದನ್ನು ಆತಂಕದ ಕಾಯಿಲೆ ಎಂದು ಕರೆಯುತ್ತಾರೆ.

ಹಾಸನಕ್ಕೆ ಸಮೀಪದ ಮೊಸಳೆ ಗ್ರಾಮ ಹೊಯ್ಸಳರ ಕಾಲದ ಜೋಡಿ ಗುಡಿಗಳಿಗೆ ಹೆಸರಾದುದು. ನಾಗೇಶ್ವರ, ಚೆನ್ನಕೇಶವ ದೇವಾಲಯಗಳು ಅಲ್ಲಿ ಒಂದರ ಮಗ್ಗುಲಲ್ಲಿ ಒಂದು ನಿಂತಿವೆ. ಅಂತಹ ಊರಿನಿಂದ ಶಾಲೆಗೆ ಹೋಗುವ ಬಾಲಕಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಸೋಮವಾರ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು. ತಾಯಿ ಜೀರಿಗೆ ಕಷಾಯ ಕಾಯಿಸಿ ಕೊಡುತ್ತಾಳೆ. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆ. ಬಸ್ಸು ಹೊರಟುಹೋದ ಮೇಲೆ ನೋವು ತಾನಾಗಿಯೇ ಇಳಿಯುತ್ತದೆ. ಶಾಲೆಗೆ ಹೋದ ದಿನ ಅವಳು ಹಿಂದಿನ ಬೆಂಚಿನಲ್ಲಿ ಕುಳಿತು, ಕೇಳಿದ ಪ್ರಶ್ನೆಗೆ ಉತ್ತರ ತಿಳಿದಿದ್ದರೂ ಕೈ ಎತ್ತುವುದಿಲ್ಲ. ಗಟ್ಟಿಯಾಗಿ ಓದೆಂದರೆ ಬಾಯಿ ಒಣಗುತ್ತದೆ, ಅಕ್ಷರಗಳು ಮಸುಕಾಗುತ್ತವೆ. ಉಪಾಧ್ಯಾಯರು ಅವಳ ವಿಷಯದಲ್ಲಿ ಬರೆಯುವುದು ಎರಡೇ ಮಾತು: ಸೌಮ್ಯ ಸ್ವಭಾವ. ಗಲಾಟೆ ಮಾಡುವ ಹುಡುಗ ದಿನಕ್ಕೆ ಹತ್ತು ಬಾರಿ ಅವರ ಕಣ್ಣಿಗೆ ಬೀಳುತ್ತಾನೆ. ಒಳಗೇ ನಡುಗುವ ಹುಡುಗಿ ಬೀಳುವುದಿಲ್ಲ. ಇದರಲ್ಲಿ ಉಪಾಧ್ಯಾಯರ ತಪ್ಪಿಗಿಂತ ಈ ಕಾಯಿಲೆಯ ಗುಣವೇ ಹೆಚ್ಚು. ಬಚ್ಚಿಟ್ಟುಕೊಳ್ಳುವುದೇ ಅದರ ಲಕ್ಷಣ.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯನ್ನು, ಎಂದರೆ ನಿಮ್ಹಾನ್ಸ್ ಅನ್ನು, ಕನ್ನಡ ನಾಡಿನಲ್ಲಿ ಅರಿಯದವರು ವಿರಳ. ಅಲ್ಲಿಯ ಡಾ. ಶೋಭಾ ಶ್ರೀನಾಥ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆಗಳು, ಕೊಳೆಗೇರಿಗಳು ಮತ್ತು ಸುತ್ತಲಿನ ಹಳ್ಳಿಗಳಿಂದ 16 ವರ್ಷದವರೆಗಿನ 2064 ಮಕ್ಕಳನ್ನು ಆರಿಸಿಕೊಂಡು ಅಧ್ಯಯನ ನಡೆಸಿದರು. ಮೊದಲು ಪ್ರಶ್ನಾವಳಿಯ ಜರಡಿ, ಅನಂತರ ವಿವರವಾದ ಪರೀಕ್ಷೆ ಎಂಬ ಕ್ರಮವನ್ನು ಅವರು ಅನುಸರಿಸಿದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. 4ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 12 ಮಂದಿಗೆ ಮನಸ್ಸಿಗೆ ಅಥವಾ ನಡವಳಿಕೆಗೆ ಸಂಬಂಧಿಸಿದ ಯಾವುದಾದರೊಂದು ತೊಂದರೆಯಿತ್ತು. ಯಾವುದೋ ಒಂದು ವಸ್ತುವಿನ ಅಥವಾ ಸನ್ನಿವೇಶದ ಅತಿಯಾದ ಭಯ ಹೆಚ್ಚಾಗಿ ಕಂಡುಬಂದ ತೊಂದರೆಗಳಲ್ಲಿ ಒಂದು. ಆದರೆ ಆ ವರದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಅಂಕಿ ಬೇರೆ: ತಮ್ಮ ಮಗುವಿಗೆ ತೊಂದರೆಯುಂಟೆಂದು ಮನಗಂಡಿದ್ದ ಕುಟುಂಬಗಳು ನೂರಕ್ಕೆ 37.5 ಮಾತ್ರ. ಉಳಿದ ಮನೆಗಳಲ್ಲಿ ಮಗು ಒಂದೇ ಚಾವಣಿಯ ಕೆಳಗೆ, ಒಂದೇ ಅಡುಗೆ ಉಣ್ಣುತ್ತಿದ್ದರೂ ಅದರ ಸಂಕಟ ಯಾರ ಗಮನಕ್ಕೂ ಬಂದಿರಲಿಲ್ಲ.

ಕೇಳದೆ ತಿಳಿಯದು ಎಂಬ ಸರಳ ಕಾರಣದಿಂದಲೇ ಪ್ರಶ್ನಾವಳಿಗಳು ಹುಟ್ಟಿಕೊಂಡವು. ಅಮೆರಿಕದಲ್ಲಿ ರೆನಾಲ್ಡ್ಸ್ ಮತ್ತು ರಿಚ್ಮಂಡ್ ಎಂಬ ವಿದ್ವಾಂಸರು 1978ರಲ್ಲಿ ಮಕ್ಕಳಿಗಾಗಿ 37 ವಾಕ್ಯಗಳ ಒಂದು ಮಾಪನವನ್ನು ಸಿದ್ಧಪಡಿಸಿದರು. ಮಗು ಪ್ರತಿಯೊಂದಕ್ಕೂ ಹೌದು ಅಥವಾ ಅಲ್ಲ ಎನ್ನಬೇಕು. ಅವುಗಳಲ್ಲಿ 28 ಮಾತ್ರ ಆತಂಕವನ್ನು ಕುರಿತವು. ಉಳಿದ 9 ವಾಕ್ಯಗಳು ಬಲು ಜಾಣತನದವು. ತಾನು ಒಮ್ಮೆಯೂ ಕೋಪಿಸಿಕೊಂಡವನಲ್ಲ, ಎಲ್ಲರ ಮೇಲೂ ಸದಾ ಪ್ರೀತಿಯುಳ್ಳವನು ಎಂಬಂತಹ ಮಾತಿಗೆ ಮಗು ಮತ್ತೆ ಮತ್ತೆ ಹೌದೆಂದರೆ, ಅದು ಮೆಚ್ಚಿಸುವುದಕ್ಕಾಗಿ ಉತ್ತರಿಸುತ್ತಿದೆಯೆಂದು ಊಹಿಸಬಹುದು. ಪಿಟ್ಸ್‌ಬರ್ಗ್‌ನ ಬೋರಿಸ್ ಬಿರ್ಮಾಹರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿ 1999ರಲ್ಲಿ ಪರಿಷ್ಕರಿಸಿದ ಇನ್ನೊಂದು ಪ್ರಶ್ನಾವಳಿಯಲ್ಲಿ 41 ವಾಕ್ಯಗಳಿವೆ. ಇಲ್ಲವೆಂದರೆ ಸೊನ್ನೆ, ಕೆಲವೊಮ್ಮೆ ಎಂದರೆ ಒಂದು, ಬಹುಮಟ್ಟಿಗೆ ನಿಜವೆಂದರೆ ಎರಡು ಅಂಕ. ಒಟ್ಟು 82ರಲ್ಲಿ 25 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಮಗುವನ್ನು ಮತ್ತೊಮ್ಮೆ ನೋಡಬೇಕು ಎಂದರ್ಥ. ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಬಯಸುವ ಮಕ್ಕಳಿಗೆ ಇಲ್ಲಿ ಕಡಿಮೆ ಅಂಕವೇ ಲೇಸು! ಇದೇ ಪ್ರಶ್ನಾವಳಿ ತಂದೆತಾಯಿಯರಿಗೂ ಪ್ರತ್ಯೇಕವಾಗಿ ಉಂಟು. ಮಗುವಿನ ಉತ್ತರವೂ ತಾಯಿಯ ಉತ್ತರವೂ ಅನೇಕ ವೇಳೆ ಒಂದಕ್ಕೊಂದು ಹೊಂದುವುದಿಲ್ಲ. ಆ ಅಂತರವೇ ವೈದ್ಯರಿಗೆ ಒಂದು ಸುಳಿವು.

ಹೊರದೇಶದ ಪ್ರಶ್ನೆಯನ್ನು ಕನ್ನಡಕ್ಕೆ ತಂದ ಮಾತ್ರಕ್ಕೆ ಅದು ಕನ್ನಡದ ಮಗುವಿನ ಪ್ರಶ್ನೆಯಾಗುವುದಿಲ್ಲ. ಒಬ್ಬಳೇ ಮಲಗಲು ಹೆದರಿಕೆಯೇ ಎಂದು ಕೇಳಿದರೆ, ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದ ಹುಡುಗಿ ಹೌದೆನ್ನುತ್ತಾಳೆ. ಅವಳ ಮನೆಯಲ್ಲಿ ಯಾರೂ ಒಬ್ಬರೇ ಮಲಗುವುದಿಲ್ಲ. ಅದು ರೋಗವಲ್ಲ, ರೂಢಿ. ಆಲೂರು, ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಕಾಡಾನೆಗಳು ಸಂಚರಿಸುತ್ತವೆ. ಅವುಗಳಿಂದ ಜನರ ಪ್ರಾಣಹಾನಿಯೂ ಆಗಿದೆ. ಆ ದಾರಿಯಲ್ಲಿ ಮಬ್ಬುಗತ್ತಲಲ್ಲಿ ಶಾಲೆಗೆ ಹೊರಡಲು ಅಂಜುವ ಹುಡುಗನಿಗೆ ಚಿಕಿತ್ಸೆ ಬೇಕೆನ್ನುವುದಕ್ಕಿಂತ ಜೊತೆಗೊಬ್ಬರು ಬೇಕೆನ್ನುವುದು ಸರಿ. ಮೇಲಾಗಿ, ನಮ್ಮ ಮಕ್ಕಳು ಕಳವಳವನ್ನು ಮನಸ್ಸಿನ ಮಾತಿನಲ್ಲಿ ಹೇಳುವುದಕ್ಕಿಂತ ದೇಹದ ಮಾತಿನಲ್ಲಿ ಹೇಳುವುದೇ ಹೆಚ್ಚು. ಎದೆ ಡವಡವ ಎನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ, ಹೊಟ್ಟೆ ತೊಳಸುತ್ತದೆ ಎನ್ನುತ್ತಾರೆ. ಈ ಮಾತುಗಳಿಲ್ಲದ ಪ್ರಶ್ನಾವಳಿ ಎಷ್ಟು ಶಾಸ್ತ್ರೀಯವಾಗಿದ್ದರೂ ಅಪೂರ್ಣವೇ.

ಈ ಪರೀಕ್ಷೆಯ ಸ್ವರೂಪವನ್ನು ತಿಳಿಯಲು ರಾಗಿಯ ಜರಡಿಗಿಂತ ಒಳ್ಳೆಯ ಉಪಮಾನ ದೊರೆಯದು. ಜರಡಿಯ ಕಣ್ಣು ದೊಡ್ಡದಾದರೆ ಕಲ್ಲೂ ಕೆಳಗಿಳಿದು ರಾಗಿಯೊಡನೆ ಸೇರುತ್ತದೆ. ಚಿಕ್ಕದಾದರೆ ಒಳ್ಳೆಯ ರಾಗಿಯೂ ಕಲ್ಲಿನೊಡನೆ ಮೇಲೆ ಉಳಿಯುತ್ತದೆ. ಎರಡೂ ತಪ್ಪದ ಜರಡಿಯನ್ನು ಯಾರೂ ಮಾಡಿಲ್ಲ. ಒಂದು ಲೆಕ್ಕ ನೋಡಬಹುದು. ಒಂದು ಶಾಲೆಯಲ್ಲಿ 500 ಮಕ್ಕಳಿದ್ದು, ಅವರಲ್ಲಿ 20 ಮಂದಿಗೆ ನಿಜವಾಗಿ ಆತಂಕದ ಕಾಯಿಲೆ ಇದೆಯೆಂದುಕೊಳ್ಳೋಣ. ಪ್ರಶ್ನಾವಳಿ ಕಾಯಿಲೆಯಿರುವವರಲ್ಲಿ ನೂರಕ್ಕೆ 80 ಮಂದಿಯನ್ನು ಗುರುತಿಸುತ್ತದೆ, ಇಲ್ಲದವರಲ್ಲಿ ನೂರಕ್ಕೆ 20 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ ಎಂದು ಇಟ್ಟುಕೊಂಡರೆ, 20ರಲ್ಲಿ 16 ಮಂದಿ ಸಿಕ್ಕುತ್ತಾರೆ, ನಾಲ್ವರು ತಪ್ಪಿಹೋಗುತ್ತಾರೆ. ಉಳಿದ 480 ಆರೋಗ್ಯವಂತರಲ್ಲಿ 96 ಮಂದಿಯೂ ಜರಡಿಯಲ್ಲಿ ನಿಲ್ಲುತ್ತಾರೆ. ಹೀಗೆ ನಿಂತ 112 ಮಕ್ಕಳಲ್ಲಿ ಏಳಕ್ಕೆ ಒಬ್ಬರಿಗೆ ಮಾತ್ರ ಕಾಯಿಲೆ. ಈ ಲೆಕ್ಕವನ್ನು ಅರಿಯದೆ, ಅಂಕ ಹೆಚ್ಚು ಬಂದ ಮಕ್ಕಳೆಲ್ಲರನ್ನೂ ರೋಗಿಗಳೆಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸುವ ಶಾಲೆಯಿದ್ದರೆ, ಅದು ಆ ಪ್ರಶ್ನಾವಳಿಯನ್ನು ಮುಟ್ಟದಿರುವುದೇ ಮೇಲು.

ಆದ್ದರಿಂದ ಜರಡಿ ಹಿಡಿಯುವುದು ಮೊದಲ ಹೆಜ್ಜೆ ಮಾತ್ರ. ಎರಡನೆಯ ಹೆಜ್ಜೆಯಲ್ಲಿ ತರಬೇತಿ ಪಡೆದವರು ಮಗುವಿನೊಡನೆ ಕುಳಿತು ಮಾತನಾಡುತ್ತಾರೆ. ಭಯ ಎಷ್ಟು ದಿನದಿಂದ ಇದೆ, ಅದರಿಂದ ಏನು ನಿಂತುಹೋಗಿದೆ ಎಂದು ವಿಚಾರಿಸುತ್ತಾರೆ. ರಕ್ತಹೀನತೆಯಿಂದಲೂ ಥೈರಾಯಿಡ್ ಗ್ರಂಥಿಯ ದೋಷದಿಂದಲೂ ಎದೆ ಬಡಿದುಕೊಳ್ಳಬಹುದು; ಕರಿಹಲಗೆ ಕಾಣದ ಮಗು ಪಾಠ ಓದಲು ಹಿಂಜರಿಯಬಹುದು. ಮನೆಯಲ್ಲಿ ಹೊಡೆತವೋ ದಾರಿಯಲ್ಲಿ ಪೀಡೆಯೋ ಇದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವುದು ಆತಂಕದ ಕಾಯಿಲೆಯಾದರೆ ಅದಕ್ಕೆ ಮದ್ದುಂಟು. ಮುಖ್ಯವಾದುದು ಔಷಧಿಯಲ್ಲ, ಅಭ್ಯಾಸ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಬಸ್ಸು ಹೋದೊಡನೆ ಹೊಟ್ಟೆನೋವು ಇಳಿದಾಗ, ಮನೆಯಲ್ಲಿರುವುದೇ ಕ್ಷೇಮವೆಂದು ಮನಸ್ಸು ಕಲಿತುಬಿಡುತ್ತದೆ. ಆದುದರಿಂದ ಚಿಕಿತ್ಸಕರು ಏಣಿಯೊಂದನ್ನು ಕಟ್ಟುತ್ತಾರೆ. ಗಟ್ಟಿಯಾಗಿ ಓದಲು ಹೆದರುವ ಬಾಲಕಿ ಮೊದಲು ಗೆಳತಿಯೊಬ್ಬಳ ಮುಂದೆ ಓದುತ್ತಾಳೆ. ಅದು ಸಲೀಸಾದ ಮೇಲೆ ನಾಲ್ವರ ಮುಂದೆ. ಅನಂತರ ಕುಳಿತಲ್ಲಿಂದಲೇ ತರಗತಿಗೆಲ್ಲ ಕೇಳುವಂತೆ ಒಂದು ವಾಕ್ಯ. ಪ್ರತಿ ಮೆಟ್ಟಿಲಿನಲ್ಲಿಯೂ ಎದೆಬಡಿತ ಏರಿ, ತಾನಾಗಿ ಇಳಿಯುವವರೆಗೆ ಅವಳು ಅಲ್ಲಿಯೇ ನಿಲ್ಲುತ್ತಾಳೆ. ಧೈರ್ಯವಾಗಿರು ಎಂಬ ಬರಿಯ ಬುದ್ಧಿಮಾತಿನಿಂದ ಇದು ಸಾಧ್ಯವಿಲ್ಲ.

ಚಿಕಿತ್ಸೆ ದೊರೆಯದ ಕಡೆ ಕಾಯಿಲೆಯನ್ನು ಹುಡುಕುವುದು ಸರಿಯೇ? ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬವರು 1968ರಲ್ಲಿ ಬರೆದ ಸೂತ್ರಗಳು ಸರಿಯಲ್ಲವೆಂದೇ ಹೇಳುತ್ತವೆ: ಖಚಿತವಾಗಿ ಪರೀಕ್ಷಿಸುವ ಮತ್ತು ಗುಣಪಡಿಸುವ ವ್ಯವಸ್ಥೆ ಇರಬೇಕು. ಅಮೆರಿಕದ ಒಂದು ತಜ್ಞರ ಮಂಡಲಿ 8ರಿಂದ 18 ವರ್ಷದ ಎಲ್ಲ ಮಕ್ಕಳಲ್ಲಿಯೂ ಆತಂಕವನ್ನು ಹೀಗೆ ಪರೀಕ್ಷಿಸಬೇಕೆಂದು 2022ರಲ್ಲಿ ಶಿಫಾರಸು ಮಾಡಿತು. ಅದಕ್ಕಿಂತ ಚಿಕ್ಕವರ ವಿಷಯದಲ್ಲಿ ಸಾಕ್ಷ್ಯ ಸಾಲದೆಂದು ಒಪ್ಪಿಕೊಂಡಿತು. ಅಲ್ಲಿಯ ಶಿಫಾರಸನ್ನು ಇಲ್ಲಿಗೆ ಹಾಗೆಯೇ ತರುವ ಮೊದಲು, ಮೊಸಳೆಯ ಮಗು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರವಿರಬೇಕು. ಉತ್ತರ ಇಲ್ಲದಿಲ್ಲ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯೂ ಇದೆ. ಅದರ ಸಂಖ್ಯೆ 14416. ಹಗಲಿರುಳೂ ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಉಳಿದುದು ಆ ತುಂಬಿದ ಹಾಳೆಯ ಸಂಗತಿ. ಅದನ್ನು ಮಗು ಗೆಳೆಯರ ಕಣ್ಣಿಗೆ ಬೀಳದಂತೆ ಬರೆಯಬೇಕು, ತಂದೆತಾಯಿಯರ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು, ಬರೆದ ಮೇಲೆ ಹಾಳೆ ಉಪಾಧ್ಯಾಯರ ಕೊಠಡಿಯ ಮೇಜಿನ ಮೇಲೆ ಬಿದ್ದಿರದೆ ಬೀಗದೊಳಗೆ ಹೋಗಬೇಕು. ಅಂಕ ಕಡಿಮೆ ಬಂದಿತೆಂದು ಸುಮ್ಮನಾಗುವಂತೆಯೂ ಇಲ್ಲ. ಜರಡಿಯಿಂದ ಜಾರಿಹೋದ ಆ ನಾಲ್ವರು ಅದೇ ತರಗತಿಯಲ್ಲಿ, ಬಹುಶಃ ಹಿಂದಿನ ಬೆಂಚಿನಲ್ಲಿ, ಕುಳಿತಿರುತ್ತಾರೆ.