ದಪ್ಪ ವಯರಿಗೆ ಸಣ್ಣ ವಯರು ಸೇರಿಸುವಾಗ



ಮೆಲ್ಕಾರ್, ಪಾಣೆಮಂಗಳೂರು, ಕಲ್ಲಡ್ಕ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಮನೆ ಒಂದೇ ಆದರೂ ವಯರಿಂಗ್ ಮೂರು ಕಾಲದ್ದು ಇರುವುದುಂಟು. ಮೊದಲು ಎರಡು ಬಲ್ಬಿಗೆಂದು ಮರದ ಪಟ್ಟಿಯ ಮೇಲೆ ಎಳೆದದ್ದು, ಆಮೇಲೆ ಮಿಕ್ಸಿ, ಫ್ರಿಜ್ಜು ಬಂದಾಗ ಸೇರಿಸಿದ್ದು, ಕೊನೆಗೆ ಹಿಂದುಗಡೆಯ ಕಾಂಕ್ರೀಟ್ ಕೋಣೆ, ಗೀಸರ್, ಇನ್ವರ್ಟರ್. ಒಂದೊಂದು ಸಲ ಒಂದೊಂದು ದಪ್ಪದ ವಯರು. ಇವೆಲ್ಲ ಎಲ್ಲೋ ಒಂದು ಕಡೆ ಒಂದನ್ನೊಂದು ಸೇರಲೇಬೇಕಲ್ವಾ? ಆ ಸೇರುವ ಜಾಗದ ಬಗ್ಗೆ, ಅಂದರೆ ಜಾಯಿಂಟಿನ ಬಗ್ಗೆ, ಈ ಸಲ ಸ್ವಲ್ಪ ತಿಳಿದುಕೊಳ್ಳೋಣ.

ಜಾಯಿಂಟ್ ಸಡಿಲವಾದರೆ ಅಲ್ಲಿ ಬಿಸಿ ಹುಟ್ಟುತ್ತದೆ. ಎಷ್ಟು ಬಿಸಿ ಎಂದು ಲೆಕ್ಕ ಹಾಕಿ ನೋಡಬಹುದು. ಸಡಿಲ ಜಾಯಿಂಟಿನ ತಡೆ 0.1 ಓಮ್, ಹರಿಯುವ ಕರೆಂಟು 16 ಆಂಪಿಯರ್ ಎಂದಿಟ್ಟುಕೊಳ್ಳಿ. 16ನ್ನು 16ರಿಂದ ಗುಣಿಸಿ 0.1ರಿಂದ ಮತ್ತೆ ಗುಣಿಸಿದರೆ 25.6 ವ್ಯಾಟ್. ರೇಡಿಯೊ ರಿಪೇರಿಯವರ ಬಳಿ ಇರುವ ಸಣ್ಣ ಸೋಲ್ಡರಿಂಗ್ ಐರನ್ ಕೂಡ 25 ವ್ಯಾಟಿನದ್ದೇ. ಅದನ್ನು ಹೊತ್ತಿಸಿ ಒಣ ಪಕ್ಕಾಸಿನ ಮೇಲೆ ಇಟ್ಟು ನಾವು ಮಲಗಿದ ಹಾಗೆ ಆಯಿತು. ಇನ್ನೊಂದು ವಿಷಯ: ಇದಕ್ಕೆ ಎಂಸಿಬಿ ಬೀಳುವುದಿಲ್ಲ. ಕರೆಂಟು ಮಿತಿ ಮೀರಿದರೆ ಮಾತ್ರ ಎಂಸಿಬಿ ಬೀಳುವುದು. ಇಲ್ಲಿ ಕರೆಂಟು ಸರಿಯಾಗಿಯೇ ಇದೆ, ಕೆಟ್ಟದ್ದು ಹಿಡಿತ ಮಾತ್ರ.

ಎರಡು ವಯರನ್ನು ತಿರುಚಿ ಟೇಪು ಸುತ್ತುವುದು ನಮ್ಮಲ್ಲಿ ಬಹಳ ಹಳೆಯ ಅಭ್ಯಾಸ. ಒಂದೇ ದಪ್ಪದ ವಯರಾದರೆ ಹೇಗೋ ನಡೆದೀತು. ಆದರೆ 4 ಎಂಎಂ ವಯರಿಗೆ 1 ಎಂಎಂ ವಯರು ತಿರುಚಿದರೆ ದಪ್ಪದ್ದು ನೆಟ್ಟಗೆ ನಿಲ್ಲುತ್ತದೆ, ಸಣ್ಣದ್ದು ಬಳ್ಳಿಯ ಹಾಗೆ ಅದನ್ನು ಸುತ್ತಿಕೊಳ್ಳುತ್ತದೆ ಅಷ್ಟೇ. ಹಿಡಿತ ಎಲ್ಲಿಂದ ಬರಬೇಕು? ಸ್ಕ್ರೂ ಹಾಕುವ ಬಿಳಿ ಕನೆಕ್ಟರಿನಲ್ಲೂ ಇದೇ ಕಥೆ. ವಯರಿನ ಅಂಗಡಿಯಲ್ಲಿ ನಾವು 'ಎಂಎಂ' ಎಂದು ಹೇಳುವುದು ನಿಜವಾಗಿ ಚದರ ಮಿಲಿಮೀಟರ್, ಅಂದರೆ ಅಡ್ಡ ಕತ್ತರಿಸಿದಾಗ ಕಾಣುವ ತಾಮ್ರದ ವಿಸ್ತೀರ್ಣ. 1 ಚದರ ಮಿ.ಮೀ. ಒಂಟಿ ತಂತಿಯ ವ್ಯಾಸ 1.13 ಮಿ.ಮೀ., 4 ಚದರ ಮಿ.ಮೀ. ತಂತಿಯದ್ದು 2.26 ಮಿ.ಮೀ. ಎರಡನ್ನೂ ಒಂದೇ ಸ್ಕ್ರೂ ಅಡಿಯಲ್ಲಿ ಜೋಡಿಸಿದರೆ ಸ್ಕ್ರೂ ದಪ್ಪದ್ದರ ಮೇಲೆ ಕೂರುತ್ತದೆ, ಸಣ್ಣದ್ದು ಪಕ್ಕದಲ್ಲಿ ಸುಮ್ಮನೆ ಮಲಗಿರುತ್ತದೆ.

ಈ ತೊಂದರೆಗೆ ಒಂದು ಒಳ್ಳೆಯ ಪರಿಹಾರ ಲಿವರ್ ಕನೆಕ್ಟರ್. ಗಲ್ಫಿನಲ್ಲಿ ವಯರಿಂಗ್ ಕೆಲಸ ಮಾಡಿ ಬಂದವರಲ್ಲಿ ಕೆಲವರಿಗೆ ಇದು ಗೊತ್ತಿರಬಹುದು. ಪಾರದರ್ಶಕ ಪ್ಲಾಸ್ಟಿಕ್ಕಿನ ಸಣ್ಣ ಡಬ್ಬಿ, ತಲೆಯ ಮೇಲೆ ಕಿತ್ತಳೆ ಬಣ್ಣದ ಎರಡೋ ಮೂರೋ ಐದೋ ಲಿವರುಗಳು. ಜರ್ಮನಿಯ ವಾಗೊ ಕಂಪೆನಿಯ 221 ಸರಣಿ ಇದರಲ್ಲಿ ಹೆಸರುವಾಸಿ. ಒಳಗೆ ಎಲ್ಲರಿಗೂ ಸೇರಿ ಒಂದೇ ತಾಮ್ರದ ಪಟ್ಟಿ, ಆದರೆ ಪ್ರತಿ ತೂತಿಗೂ ಬೇರೆ ಬೇರೆ ಸ್ಪ್ರಿಂಗು. ಗುಟ್ಟು ಇರುವುದೇ ಇಲ್ಲಿ. ದಪ್ಪ ವಯರು ಹೋದ ತೂತಿನ ಸ್ಪ್ರಿಂಗು ಹೆಚ್ಚು ಸರಿಯುತ್ತದೆ, ಸಣ್ಣದು ಹೋದದ್ದು ಕಡಿಮೆ ಸರಿಯುತ್ತದೆ, ಒಬ್ಬರ ಹಿಡಿತಕ್ಕೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಈ ಸರಣಿಯ ಸಾಮಾನ್ಯ ಗಾತ್ರದ್ದು 0.2ರಿಂದ 4 ಚದರ ಮಿ.ಮೀ.ವರೆಗಿನ ವಯರನ್ನು ಹಿಡಿಯುತ್ತದೆ. 6 ಎಂಎಂ ವಯರಿಗೆ ಅದರ ದೊಡ್ಡಣ್ಣ ಬೇರೆ ಉಂಟು. 6 ಎಂಎಂ ವಯರಿನ ನಾಲ್ಕು ಎಳೆ ಕತ್ತರಿಸಿ ಸಣ್ಣದಕ್ಕೆ ತುರುಕುವ ಬುದ್ಧಿವಂತಿಕೆ ದಯವಿಟ್ಟು ಬೇಡ!

ಹಾಕುವ ಕ್ರಮ ಕಷ್ಟದ್ದೇನಲ್ಲ. ವಯರಿನ ಸಿಪ್ಪೆ ಎಷ್ಟು ಸುಲಿಯಬೇಕೆಂದು ಕನೆಕ್ಟರಿನ ಮೈಮೇಲೆಯೇ ಗುರುತು ಇರುತ್ತದೆ, ಮೇಲೆ ಹೇಳಿದ ಸಾಮಾನ್ಯ ಗಾತ್ರದ್ದಕ್ಕೆ 11 ಮಿ.ಮೀ. ವಯರು ದಪ್ಪವಿರಲಿ ಸಣ್ಣದಿರಲಿ ಅಷ್ಟೇ ಸುಲಿಯಬೇಕು. ಕಡಿಮೆ ಸುಲಿದರೆ ಸ್ಪ್ರಿಂಗು ಸಿಪ್ಪೆಯನ್ನು ಕಚ್ಚುತ್ತದೆ, ಹೆಚ್ಚು ಸುಲಿದರೆ ತಾಮ್ರ ಹೊರಗೆ ಕಾಣುತ್ತದೆ, ಕೈ ತಾಗಿದರೆ ಕಥೆ ಮುಗಿಯಿತು. ಲಿವರ್ ಪೂರ್ತಿ ಎತ್ತಿ, ವಯರನ್ನು ತುದಿಗೆ ಮುಟ್ಟುವವರೆಗೆ ತೂರಿಸಿ, ಲಿವರನ್ನು ಮೈಗೆ ಸಮವಾಗಿ ಕೂರುವವರೆಗೆ ಒತ್ತಿ. ಆಮೇಲೆ ಪ್ರತಿ ವಯರನ್ನೂ ಒಂದೊಂದಾಗಿ ಎಳೆದು ನೋಡಬೇಕು. ಸಣ್ಣ ವಯರನ್ನು ಮರೆಯದೆ. ಎಳೆಗಳಿರುವ ವಯರಾದರೆ ಒಂದು ಎಳೆಯೂ ಹೊರಗೆ ಉಳಿಯದ ಹಾಗೆ ಬೆರಳಲ್ಲಿ ಸ್ವಲ್ಪ ಹೊಸೆದರೆ ಸಾಕು. ಒಂದು ತೂತಿಗೆ ಒಂದೇ ವಯರು. ಮೂರು ವಯರು ಉಂಟು, ಕೈಯಲ್ಲಿ ಎರಡು ತೂತಿನ ಕನೆಕ್ಟರ್ ಮಾತ್ರ ಉಂಟು ಎಂದಾದರೆ ಅಂಗಡಿಗೆ ಹೋಗಿ ಬರುವುದೇ ಒಳ್ಳೆಯದು.

ಇಷ್ಟಾದರೂ ಅರ್ಧ ಕೆಲಸವೇ ಆದದ್ದು. ಕನೆಕ್ಟರ್ ಎರಡೂ ವಯರನ್ನು ಗಟ್ಟಿಯಾಗಿ ಹಿಡಿಯಿತು ಎಂದ ಮಾತ್ರಕ್ಕೆ ಸಣ್ಣ ವಯರಿಗೆ ದಪ್ಪ ವಯರಿನ ಶಕ್ತಿ ಬರುವುದಿಲ್ಲ. ಅಡುಗೆಮನೆಗೆ 4 ಎಂಎಂ ವಯರು, ಅದಕ್ಕೆ 20 ಆಂಪಿಯರಿನ ಎಂಸಿಬಿ ಎಂದಿಟ್ಟುಕೊಳ್ಳಿ. ಅದರಿಂದ 1 ಎಂಎಂ ವಯರು ಎಳೆದು ಹೊಸ ಪ್ಲಗ್ ಕೊಟ್ಟರು. ಬಲ್ಬು ಉರಿಯುವಷ್ಟು ದಿನ ಏನೂ ಆಗದು. ಒಂದು ದಿನ ಅದೇ ಪ್ಲಗ್ಗಿಗೆ ಕವಲು ಹಾಕಿ 2000 ವ್ಯಾಟಿನ ಹೀಟರು, ಜೊತೆಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದರೆ 230 ವೋಲ್ಟಿನಲ್ಲಿ 13 ಆಂಪಿಯರ್ ಹರಿಯುತ್ತದೆ. ಸಣ್ಣ ವಯರಿಗೆ ಅದು ಭಾರ, ಎಂಸಿಬಿಗೆ ಏನೇನೂ ಅಲ್ಲ. ಸಿಪ್ಪೆ ಒಳಗೊಳಗೇ ಬೇಯುತ್ತಾ ಹೋಗುತ್ತದೆ. ಆದ್ದರಿಂದ ದಪ್ಪ ಸಣ್ಣ ಸೇರಿದ ಲೈನಿನಲ್ಲಿ ಎಂಸಿಬಿ ಆರಿಸುವಾಗ ಅತಿ ಸಣ್ಣ ವಯರನ್ನು ನೋಡಿ ಆರಿಸಬೇಕು, ಲೈಟಿನ ಸಣ್ಣ ವಯರಿಗೆ 6 ಆಂಪಿಯರಿನದ್ದು. ಅದು ಆಗದು ಎಂದರೆ ಪ್ಲಗ್ಗಿನ ತನಕ ದಪ್ಪ ವಯರನ್ನೇ ಎಳೆಯಬೇಕು. ನೂರಿನ್ನೂರು ರೂಪಾಯಿ ಉಳಿಸುವ ಜಾಗ ಇದಲ್ಲ.

ಹಳೆಯ ಮನೆಯವರು ಇನ್ನೊಂದು ಗಮನಿಸಬೇಕು. ಮೊದಲಿನ ವಯರು ಅಲ್ಯೂಮಿನಿಯಂ ಇರಬಹುದು. ಬೆಳ್ಳಗೆ ಕಂಡದ್ದೆಲ್ಲ ಅಲ್ಯೂಮಿನಿಯಂ ಅಲ್ಲ, ತವರ ಲೇಪಿಸಿದ ತಾಮ್ರವೂ ಬೆಳ್ಳಗೇ ಕಾಣುತ್ತದೆ. ತುದಿ ಕತ್ತರಿಸಿ ನೋಡಿ, ಒಳಗೆ ಕೆಂಪಿದ್ದರೆ ತಾಮ್ರ. ಅಲ್ಯೂಮಿನಿಯಮ್ಮಿನ ಮೇಲೆ ಗಾಳಿಗೆ ಒಂದು ಪೊರೆ ಕಟ್ಟುತ್ತದೆ, ಅದು ಕರೆಂಟಿಗೆ ಅಡ್ಡ. ತಾಮ್ರದ ಜೊತೆ ಸೇರಿ ನಮ್ಮ ಮಳೆಗಾಲದ ತೇವ ತಾಗಿದರೆ ಸವೆಯಲೂ ತೊಡಗುತ್ತದೆ. ಹಾಗಾಗಿ ಅದನ್ನು ಈ ಲಿವರ್ ಕನೆಕ್ಟರಿಗೆ ಹಾಕಬೇಡಿ, ಆಗುವುದಾದರೆ ಆ ವಯರನ್ನೇ ಬದಲಾಯಿಸಿ.

ಕನೆಕ್ಟರಿಗೆ ನೀರು ತಡೆಯುವ ಶಕ್ತಿ ಇಲ್ಲ. ಮುಚ್ಚಳವಿರುವ ಜಂಕ್ಷನ್ ಬಾಕ್ಸಿನ ಒಳಗೇ ಇರಬೇಕು. ಅಡಿಕೆ ತೋಟದ ಪಂಪಿನ ಕೇಬಲು ಬಾವಿಯೊಳಗೆ ಸೇರಿಸುವುದಕ್ಕೆ ಇದು ಖಂಡಿತ ಅಲ್ಲ.

ಇನ್ನು ಇನ್ವರ್ಟರ್ ಇರುವ ಮನೆ. ಮೈನ್ ಆಫ್ ಮಾಡಿದ ಕೂಡಲೇ ಮೆಸ್ಕಾಂ ಕರೆಂಟು ನಿಲ್ಲುತ್ತದೆ, ಆದರೆ ಅದೇ ಕ್ಷಣ ಇನ್ವರ್ಟರ್ ಶುರುವಾಗುತ್ತದೆ. ಬಾಕ್ಸಿನೊಳಗಿನ ಒಂದು ವಯರಿನಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. ಎರಡನ್ನೂ ಆಫ್ ಮಾಡಿ, ಪ್ರತಿ ವಯರಿಗೂ ಟೆಸ್ಟರ್ ಮುಟ್ಟಿಸಿ ನೋಡಿದ ಮೇಲೆಯೇ ಬಾಕ್ಸಿಗೆ ಕೈ ಹಾಕಬೇಕು. ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರೇ ಮಾಡಲಿ, ನಾವು ಪಕ್ಕದಲ್ಲಿ ನಿಂತು ನೋಡೋಣ. ಅವರು ಮುಚ್ಚಳ ಹಾಕುವ ಮೊದಲು ಒಳಗೆ ಯಾವ್ಯಾವ ದಪ್ಪದ ವಯರು ಸೇರಿದೆ, ಯಾವ ಎಂಸಿಬಿಗೆ ಎಂದು ಒಂದು ಚೀಟಿಯಲ್ಲಿ ಬರೆಸಿ ಮುಚ್ಚಳದ ಒಳಬದಿಗೆ ಅಂಟಿಸಿಕೊಳ್ಳಿ.